ಆರುನ್ನೊಕಟಿ

1988ರಲ್ಲಿ ನಾನು ಬಳ್ಳಾರಿಯ ಒಂದು ಸರ್ಕಾರಿ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತೇನೆಂಬ ಜಂಬ ನನಗಿತ್ತು. ಅದನ್ನು ಇಳಿಸಿದ್ದು ಸಿರುಗುಪ್ಪದಲ್ಲಿ ಕೆಟ್ಟು ನಿಂತಿದ್ದ ಒಂದು ಗಾಡಿ.

ಕಾಲುವೆ ಸರ್ವೆಗೆ ಬಂದಿದ್ದ ವಿದೇಶಿ ತಜ್ಞರು ಬಿಟ್ಟುಹೋಗಿದ್ದ ಹಳೆಯ ಫೋರ್ ವೀಲ್ ಡ್ರೈವ್ ಅದು. ಕ್ಲಚ್ ಇಲ್ಲ, ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ಯಾವಾಗ ಬದಲಿಸಬೇಕೆಂದು ಹೇಳಲು ಒಳಗೊಂದು ಕಂಪ್ಯೂಟರ್ ಡಬ್ಬಿ. ಅಂಥದ್ದನ್ನು ಬಿಚ್ಚಿದವರಿರಲಿ, ಕಣ್ಣಲ್ಲಿ ಕಂಡವರೂ ನಮ್ಮಲ್ಲಿರಲಿಲ್ಲ.

ಗಾಡಿ ಎರಡನೇ ಗೇರು ದಾಟುತ್ತಿರಲಿಲ್ಲ. ಎಂಜಿನ್ ಎಷ್ಟು ಅರಚಿಕೊಂಡರೂ ತೆವಳುತ್ತಿತ್ತು. ರಾರಾವಿ ಹತ್ತಿರ ಹೊಳೆಯ ಉಸುಕಿನಲ್ಲಿ ಎಳೆದಾಡಿ ಡ್ರೈವರನೇ ಗೇರು ಸುಟ್ಟಿದ್ದಾನೆ ಎಂದು ಸರ್ವೆ ಸಾಹೇಬರು ಆಗಲೇ ತೀರ್ಮಾನಿಸಿದ್ದರು. ಡ್ರೈವರ್ ಹುಸೇನ್‌ಸಾಬ್ ಕುರುಗೋಡಿನವರು, ಐವತ್ತರ ಹತ್ತಿರದವರು, ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಗೇರು ಸುಟ್ಟಿದೆ ಎಂದು ನಾನು ಬರೆದುಕೊಟ್ಟರೆ ಪಟ್ಟಿಯ ಮಾತು ಹಾಗಿರಲಿ, ಕೆಲಸವೇ ಹೋಗುತ್ತಿತ್ತು. ಶನಿವಾರದೊಳಗೆ ವರದಿ ಬೇಕೆಂದರು.

ಬುಧವಾರ ಬಸ್ಸು ಹಿಡಿದು ಹೋದೆ. ಗಾಡಿ ಒಂದು ಅಕ್ಕಿ ಗಿರಣಿಯ ಶೆಡ್ಡಿನಲ್ಲಿತ್ತು. ಸರ್ವೆಯವರಿಗೆ ವರ್ಷಪೂರ್ತಿ ಅದೇ ಗ್ಯಾರೇಜು. ಮ್ಯಾನುಯಲ್ ಪ್ರಕಾರ ಕಂಪ್ಯೂಟರ್ ದೋಷವನ್ನು ತಾನೇ ಹೇಳುತ್ತದೆ. ಎಂಜಿನ್ ಪಕ್ಕದ ಎರಡು ಪಿನ್ನುಗಳನ್ನು ವೈರಿನಿಂದ ಕೂಡಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿಣುಕುತ್ತದೆ. ಮೊದಲು ಹತ್ತರ ಸ್ಥಾನದ ಅಂಕಿ, ತುಸು ತಡೆದು ಬಿಡಿ ಸ್ಥಾನದ್ದು. ಎರಡೂ ಸೇರಿದರೆ ಫಾಲ್ಟ್ ಕೋಡ್. ವೈರ್ ಬಿಟ್ಟರೆ ದೀಪ ನಿಲ್ಲುತ್ತಿತ್ತು. ಹಿಡಿದು ನಿಂತರೆ ಎತ್ತಿದ ಬಾನೆಟ್ ಅಡ್ಡ. ಹುಸೇನ್‌ಸಾಬರನ್ನು ಸೀಟಿನಲ್ಲಿ ಕೂರಿಸಿ, ಎಣಿಸಿ ಹೇಳಿ ಎಂದೆ.

“ಆರುನ್ನೊಕಟಿ,” ಎಂದರು. ತಡೆದು, “ಲಾಭಂ.”

ಬಳ್ಳಾರಿಯಲ್ಲಿ ಹುಟ್ಟಿದವನಿಗೆ ಅಷ್ಟು ತೆಲುಗು ಬರದೇ? ಆರು, ಒಂದು. 61 ಎಂದು ಬರೆದುಕೊಂಡೆ. ಇದರಲ್ಲಿ ಇವರಿಗೇನು ಲಾಭ ಕಂಡಿತಪ್ಪಾ ಎಂದು ಒಳಗೊಳಗೇ ಸಿಡುಕಿದೆ.

61 ಎಂದರೆ ವೇಗ ಅಳೆಯುವ ಸೆನ್ಸರ್. ಬಿಚ್ಚಿ ಮೀಟರ್ ಹಚ್ಚಿದೆ, ಸರಿಯಾಗಿತ್ತು. ಅದರ ವೈರ್ ನೋಡಿದೆ, ಅದೂ ಸರಿ. ಮತ್ತೆ ಎಣಿಸಲು ಹೇಳಿದೆ, ಅದೇ ಉತ್ತರ. ಗುರುವಾರವೂ ಅದೇ. ಮೀಟರ್ ಕೆಟ್ಟಿಲ್ಲ ಅನ್ನುತ್ತದೆ, ಕಂಪ್ಯೂಟರ್ ಕೆಟ್ಟಿದೆ ಅನ್ನುತ್ತದೆ, ಯಾರನ್ನು ನಂಬಲಿ? ಮ್ಯಾನುಯಲ್‌ನ ಆ ಪುಟವನ್ನು ಓದೀ ಓದೀ ನನ್ನ ಇಂಗ್ಲಿಷಿನ ಮೇಲೇ ಅನುಮಾನ ಬಂತು. ತಲೆ ಚಿಟ್ಟು ಹಿಡಿದುಹೋಯಿತು. ಶುಕ್ರವಾರ, ಇನ್ನೇನು ಉಳಿದಿದೆ ಎಂದು, ‘ಒಳಗಿನ ಗೇರು ಸುಟ್ಟಿರಬಹುದು’ ಎಂಬ ವಾಕ್ಯ ಬರೆದೇಬಿಟ್ಟೆ. ಹುಸೇನ್‌ಸಾಬರಿಗೆ ಓದಲು ಬರುತ್ತಿರಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಎದ್ದು ಚಹಾ ತರಲು ಹೋದರು.

ಆಗ ಪಕ್ಕದಲ್ಲಿ ಗಿರಣಿಯ ಮುದುಕನೊಬ್ಬ ಕೆಲಸದ ಹೆಂಗಸಿಗೆ ಸೇರಿನಿಂದ ನುಚ್ಚಕ್ಕಿ ಅಳೆದು ಹಾಕುತ್ತಿದ್ದ. “ಲಾಭಂ, ರೆಂಡು, ಮೂಡು, ನಾಲುಗು, ಐದು, ಆರು, ಆರುನ್ನೊಕಟಿ, ಎನಿಮಿದಿ…”

ನನ್ನ ಪೆನ್ನು ನಿಂತಿತು. ಒಂದಕ್ಕೆ ಲಾಭ. ಏಳಕ್ಕೆ ಆರುನ್ನೊಕಟಿ, ಅಂದರೆ ಆರರ ಮೇಲೊಂದು! ಕಂಟೋನ್ಮೆಂಟಿನ ನಮ್ಮ ಮನೆಗೆ ಅಕ್ಕಿ ಬರುತ್ತಿದ್ದುದು ಅಂಗಡಿಯ ಪೊಟ್ಟಣದಲ್ಲಿ. ಕಾಳು ಅಳೆಯುವವರ ಎಣಿಕೆ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಚಹಾ ತಂದ ಹುಸೇನ್‌ಸಾಬರ ಕೈಗೆ ವೈರ್ ಕೊಟ್ಟು ಈ ಸಲ ನಾನೇ ಸೀಟಿನಲ್ಲಿ ಕುಳಿತೆ. ದೀಪ ಏಳು ಸಲ ಮಿಣುಕಿತು. ತಡೆಯಿತು. ಒಂದು ಸಲ ಮಿಣುಕಿತು. 71 ಎಂದರೆ ಸೊಲೆನಾಯ್ಡ್ ವೈರ್. ಗೇರು ಬದಲಾಗಲು ಎಣ್ಣೆಗೆ ದಾರಿ ಬಿಡುವ ಪುಟ್ಟ ವಿದ್ಯುತ್ ಕವಾಟವೇ ಸೊಲೆನಾಯ್ಡ್. ಗಾಡಿಯ ಕೆಳಗೆ ನುಗ್ಗಿ ನೋಡಿದರೆ ಆ ವೈರನ್ನು ಇಲಿ ಕಡಿದಿತ್ತು. ಅಕ್ಕಿ ಗಿರಣಿಯಲ್ಲಿ ಇಲಿಗೇನು ಬರ?

ಬೆಸುಗೆ ಹಾಕಿ, ಟೇಪ್ ಸುತ್ತಿ, ಕುರುಗೋಡಿನ ದಾರಿಯಲ್ಲಿ ಓಡಿಸಿದೆವು. ಸ್ಟಿಯರಿಂಗ್ ಹುಸೇನ್‌ಸಾಬರ ಕೈಯಲ್ಲಿತ್ತು. ಗಾಡಿ ಮೂರನೇ ಗೇರಿಗೆ ಹೋಯಿತು. ಆಮೇಲೆ ನನಗೆ ಸಿಟ್ಟೂ ಬಂತು, ನಗೂ ಬಂತು. ಏಳು ಎಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ.

“ಸಾಲಿ ಮುಖ ನೋಡಿಲ್ರಿ ಸಾಹೇಬ್ರ. ಎಣಸೋದು ಕಲ್ತಿದ್ದು ತೆಲುಗರ ಸಂತ್ಯಾಗ, ಕಾಳು ಅಳಿಯಾಕ ಹೋಗಿ. ತೆಲುಗಿನ್ಯಾಗ ‘ಏಡು’ ಅಂದ್ರ ಏಳೂ ಹೌದು, ಅಳು ಅನ್ನೋದೂ ಹೌದು. ರಾಶಿ ಮುಂದ ಆ ಮಾತು ಆಡಬಾರದ್ರಿ.”

ಇದು ಗಾಡಿ, ರಾಶಿಯಲ್ಲವಲ್ಲ ಎಂದೆ.

ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: “ನನ್ನ ಅನ್ನ ಅದರಾಗ ಇತ್ತಲ್ರಿ.”

ನನಗೆ ನಾಚಿಕೆಯಾಯಿತು. ಪ್ರತಿ ಸಲವೂ ಅವರು ಸರಿಯಾಗಿಯೇ ಎಣಿಸಿದ್ದರು. ತಪ್ಪು ಕೇಳಿಸಿಕೊಂಡ ನಾನು ಶಿಕ್ಷೆಯನ್ನು ಅವರ ಹೆಸರಿಗೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ಆ ಹಾಳೆಯನ್ನು ಅಲ್ಲೇ ಹರಿದು ಹಾಕಿದೆ. ಶನಿವಾರ ಕೊಟ್ಟ ವರದಿಯಲ್ಲಿ ಡ್ರೈವರನ ತಪ್ಪಿಲ್ಲವೆಂದು ಬರೆದೆ. ರಿಪೇರಿ ತಡವಾದದ್ದಕ್ಕೆ ಕಾರಣ ಎಂಬಲ್ಲಿ ‘ಫೋರ್‌ಮನ್‌ಗೆ ಎಣಿಕೆ ತಿಳಿಯದಿದ್ದುದು’ ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಎರಡು ಸಲ ಓದಿ ಫೈಲಿಗೆ ಸೇರಿಸಿದರು. ಹುಸೇನ್‌ಸಾಬರ ಹೆಸರು ಪಟ್ಟಿಯಲ್ಲೇ ಉಳಿಯಿತು.

ಮುಂದೆ ಬಹಳ ಗಾಡಿಗಳ ಕೋಡ್ ಓದಿದೆ. ಯಂತ್ರ ಸುಳ್ಳು ಹೇಳದಿರಬಹುದು. ಆದರೆ ಅದರ ಮಾತು ನನಗೆ ತಲುಪುವುದು ಒಬ್ಬ ಮನುಷ್ಯನ ಬಾಯಿಂದ, ಅವನು ಬದುಕಿದ ರೀತಿಯಿಂದ. ಆ ಮನುಷ್ಯನನ್ನು ಕೇಳದೆ ಬರೆದ ವರದಿ ವರದಿಯಲ್ಲ. ಈಗಲೂ ಯಾರಾದರೂ ಅಂಕಿ ಹೇಳಿದರೆ, ಬೆರಳು ಎತ್ತಿ ತೋರಿಸಿ ಎನ್ನುತ್ತೇನೆ. ಮನೆಯವರು ನಗುತ್ತಾರೆ, ನಗಲಿ.