ಹಂಡೆಯ ಕೊರಳಿನ ಸದ್ದು

ಫಾರ್ಕರ್ ಮೆಕಾಯ್ ಕಣಿವೆಯ ವಿಸ್ಕಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷ ತಾಮ್ರದ ಹಂಡೆ ಕಾಯ್ದವನು. ಒಳಗೆ ಕುದಿಯುವ ರಸದ ನೊರೆ ಕಣ್ಣಿಗೆ ಕಾಣುವುದಿಲ್ಲ. ಸರಪಳಿಗೆ ಕಟ್ಟಿದ ಮರದ ಗುಂಡನ್ನು ಹಂಡೆಯ ಕೊರಳಿಗೆ ಬಡಿದು ಕೇಳಬೇಕು. ಖಾಲಿಯಿದ್ದರೆ ಕೊರಳು ಗಂಟೆಯಂತೆ ಮೊಳಗುತ್ತದೆ. ಸದ್ದು ಮಂಕಾದರೆ ನೊರೆ ಏರಿದೆಯೆಂದು ತಿಳಿದು ಬೆಂಕಿ ತಗ್ಗಿಸಬೇಕು.

ಅವನ ಕಿವಿ ಕೆಟ್ಟು ಎರಡು ವರ್ಷವಾಗಿತ್ತು. ಹೇಳಿದರೆ ಕೆಲಸದೊಂದಿಗೆ ಭಟ್ಟಿಯವರು ಕೊಟ್ಟ ಮನೆಯೂ ಹೋಗುತ್ತಿತ್ತು. ಹಾಗಾಗಿ ಗುಂಡು ಬಡಿದು, ಬಿಸಿ ತಾಮ್ರಕ್ಕೆ ಅಂಗೈ ತಾಗಿಸಿ, ಅದರ ನಡುಕದಿಂದ ನೊರೆಯ ಮಟ್ಟ ಅಳೆಯುತ್ತಿದ್ದ.

ಹೆಂಡತಿ ಇಶ್ಬೆಲ್ ಅವನ ಅಂಗೈಯ ಬೊಬ್ಬೆಗೆ ಬೆಣ್ಣೆ ಸವರುತ್ತ ಕೂಗಿದಳು: "ಕಿವುಡ ಅನ್ನಿಸ್ಕೊಳ್ಳೋಕ್ಕಿಂತ ಕೈ ಬೇಯಿಸ್ಕೊಳ್ಳೋದೇ ಮೇಲಾ ನಿಂಗೆ?"

"ಮನೆ ಬಿಟ್ಟು ಎಲ್ಲಿಗೆ ಹೋಗ್ತೀಯೇ?"

ಸುಟ್ಟು ಸುಟ್ಟು ಅಂಗೈ ಜಡ್ಡುಗಟ್ಟಿತು. ನವೆಂಬರಿನ ಒಂದು ಬೆಳಿಗ್ಗೆ ಅದಕ್ಕೆ ನಡುಕ ತಿಳಿಯಲಿಲ್ಲ. ನೊರೆ ಉಕ್ಕಿ ಕೊರಳು ದಾಟಿತು. ಇಳಿಯುತ್ತಿದ್ದ ಮದ್ಯವೆಲ್ಲ ಕೆಟ್ಟಿತು.

ಮ್ಯಾನೇಜರ್ ಗೆಡ್ಡಿಸ್ ಓಡಿಬಂದು ಬೆಂಕಿ ಆರಿಸಿದ. "ಆ ಗೋಡೆ ಕಡೆ ತಿರುಗಯ್ಯಾ. ನಾನು ಗುಂಡು ಬಡೀತೀನಿ, ಎಷ್ಟು ಸಲ ಅಂತ ಹೇಳು."

ತುಟಿ ನೋಡಿ ಅರ್ಥಮಾಡಿಕೊಂಡು ಫಾರ್ಕರ್ ತಿರುಗಿ ನಿಂತ. ಸ್ವಲ್ಪ ತಡೆದು, "ಮೂರು ಸಲ, ಸ್ವಾಮಿ," ಎಂದ.

ಗೆಡ್ಡಿಸ್ ಇನ್ನೂ ಗುಂಡನ್ನು ಮುಟ್ಟಿರಲಿಲ್ಲ.

ಆ ವಾರವೇ ಮನೆ ಬೇರೆಯವರದಾಯಿತು.