ಹದಿನೇಳನೇ ಕಂತು

ಕೂಟಗಲ್ಲಿನ ಕಾವೇರಮ್ಮ ರಾಮನಗರದಲ್ಲಿ ಸಿನಿಮಾ ನೋಡಿಕೊಂಡು ಬಂದ ಭಾನುವಾರ ಮನೆಯಲ್ಲಿ ಯಾರೂ ಅವಳ ಎದುರಿಗೆ ನಿಲ್ಲುವ ಹಾಗಿರಲಿಲ್ಲ. ಚೊಂಬು ಕುಕ್ಕಿದಳು, ಬಾಗಿಲು ದಬ್ಬಿದಳು, ಹಾಲು ಕರೆಯಲು ಹೋಗಿ ಹಸುವನ್ನೂ ಬೈದಳು. ಪಾಪ, ಹಸು ಮಾಡಿದ್ದೇನೂ ಇರಲಿಲ್ಲ. ತಪ್ಪೆಲ್ಲ ಸಿನಿಮಾದವರದು. ಅವರು ‘ಚಂದನದ ಹೊಸ್ತಿಲು’ ಕಾದಂಬರಿಯ ಹದಿನೇಳನೇ ಕಂತನ್ನು ನುಂಗಿ ನೀರು ಕುಡಿದಿದ್ದರು.

ಆ ಕಾದಂಬರಿಗೂ ಕಾವೇರಮ್ಮನಿಗೂ ಇಪ್ಪತ್ತಮೂರು ವರ್ಷದ ನಂಟು. ಅವಳು ಸಾತನೂರಿನಿಂದ ಮದುವೆಯಾಗಿ ಬಂದ ವರ್ಷ ಅದು ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಮೈಸೂರಿನಲ್ಲೊಂದು ಬಂಗಲೆ, ಅದಕ್ಕೆ ಬಡವರ ಮನೆಯಿಂದ ಬಂದ ಸೊಸೆ ಮಂದಾಕಿನಿ, ಸೊಸೆಯ ಮುಖ ಕಂಡರಾಗದ ಅತ್ತೆ. ಕಾವೇರಮ್ಮನ ಗಂಡ ಬಾಲರಾಜು ವಾರಕ್ಕೊಮ್ಮೆ ರಾಮನಗರದಿಂದ ಪತ್ರಿಕೆ ತಂದುಕೊಡುವನು. ಕಾವೇರಮ್ಮ ರೇಷ್ಮೆಹುಳುವಿನ ಮನೆಯಲ್ಲಿ ಕೂತು ಗಟ್ಟಿಯಾಗಿ ಓದುವಳು. ಓದು ಬಾರದ ಅತ್ತೆ ಹನುಮಂತಮ್ಮ ಹುಳುವಿಗೆ ಸೊಪ್ಪು ಹೆಚ್ಚುತ್ತ ಕೇಳುವಳು. ಓದಿ ಮುಗಿದ ಹಾಳೆಗಳನ್ನು ಕಾವೇರಮ್ಮ ಕತ್ತರಿಸಿ, ದಬ್ಬಳದಿಂದ ತೂತು ಮಾಡಿ, ದಾರ ಹಾಕಿ ಹೊಲಿದಿಡುವಳು. ಒಟ್ಟು ಇಪ್ಪತ್ತೆಂಟು ಕಂತು. ಅವಳ ಹೊಲಿಗೆಯಲ್ಲಿ ಇದ್ದದ್ದು ಇಪ್ಪತ್ತೇಳು.

ಹದಿನೇಳನೆಯದು ಹುಳುವಿನ ಪಾಲಾಗಿತ್ತು. ಮರಿಹುಳು ಬಿಡುವ ತಟ್ಟೆಗೆ ಅಡಿಯಲ್ಲಿ ಕಾಗದ ಹಾಸುತ್ತಾರೆ. ಆವತ್ತು ಹನುಮಂತಮ್ಮ ಕೈಗೆ ಸಿಕ್ಕಿದ ಪತ್ರಿಕೆಯನ್ನು ಬಿಚ್ಚಿ ಹಾಸಿದಳು. ಅದು ಇನ್ನೂ ಓದಿರದ ಪತ್ರಿಕೆ. ಮೂರು ದಿನದ ಮೇಲೆ ಕಾವೇರಮ್ಮನ ಕಣ್ಣಿಗೆ ಬಿದ್ದಾಗ ಅಕ್ಷರ ಕಾಣದಷ್ಟು ಹುಳುವಿನ ಹಿಕ್ಕೆ. ಅತ್ತೆ ಸೊಸೆಗೆ ಬೀದಿಗೆ ಕೇಳುವಂಥ ಜಗಳವಾಯಿತು. ಜಗಳ ತಣ್ಣಗಾದ ಮೇಲೆ ಅತ್ತೆಗೇ ತಡೆಯಲಾಗಲಿಲ್ಲ. ಹದಿನಾರನೇ ಕಂತಿನಲ್ಲಿ ಟ್ರಂಕು ಹಿಡಿದು ಬಂಗಲೆ ಬಿಟ್ಟು ಹೊರಟಿದ್ದ ಮಂದಾಕಿನಿ, ಹದಿನೆಂಟನೆಯದರಲ್ಲಿ ಅದೇ ಬಂಗಲೆಯಲ್ಲಿ ಕಾಫಿ ಸೋಸುತ್ತಿದ್ದಳು.

“ಅದೆಂಗೆ ವಾಪಸ್ ಬಂದ್ಲು ಕಾವೇರಿ?” ಎಂದು ಹನುಮಂತಮ್ಮ ಮೆಲ್ಲಗೆ ಕೇಳಿದಳು.

ಕಾವೇರಮ್ಮ ಒಂದು ಗಳಿಗೆ ಯೋಚಿಸಿ ಹೇಳಿದಳು. ಮಂದಾಕಿನಿ ಮೈಸೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಳೆ. ಅತ್ತೆ ಬರಿಗಾಲಿನಲ್ಲಿ ಓಡೋಡಿ ಬರುತ್ತಾಳೆ. ಮಡಿಲಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ತಪ್ಪಾಯಿತು ಅನ್ನುವುದಿಲ್ಲ, ಮನೆಗೆ ಬಾ ಅನ್ನುವುದೂ ಇಲ್ಲ. ಪಕ್ಕದಲ್ಲಿ ಕೂತು ರೊಟ್ಟಿ ಮುರಿದು, “ಹಸ್ಕೊಂಡು ಹೋಗ್ಬ್ಯಾಡ” ಎಂದು ಸೊಸೆಯ ಕೈಗಿಡುತ್ತಾಳೆ. ಆ ಕೈಯಲ್ಲಿ ಸೊಪ್ಪಿನ ವಾಸನೆ. ರೈಲು ಬರುತ್ತದೆ, ಹೋಗುತ್ತದೆ. ಇಬ್ಬರೂ ಏಳುವುದಿಲ್ಲ.

ಹನುಮಂತಮ್ಮ ಮತ್ತೆ ಸೊಪ್ಪು ಹೆಚ್ಚತೊಡಗಿದಳು.

ಆಮೇಲೆ ಬಿಡದಿ ಕಡೆ ಕಾರ್ಖಾನೆಗಳೆದ್ದವು. ಹುಳು ಕಡಿಮೆಯಾಗಿ, ಕಾವೇರಮ್ಮ ಗಾರ್ಮೆಂಟ್ಸಿಗೆ ಸೇರಿದಳು. ಅಲ್ಲಿ ಅವಳ ಹೊಲಿಗೆಗಿಂತ ಅವಳ ಕತೆಗೇ ಹೆಚ್ಚು ಹೆಸರು. ಊಟದ ಅರ್ಧ ಗಂಟೆಯಲ್ಲಿ ಹೆಂಗಸರೆಲ್ಲ ಡಬ್ಬಿ ಹಿಡಿದು ಅವಳ ಸುತ್ತ ಕೂರುವರು. ಅವಳು ‘ಚಂದನದ ಹೊಸ್ತಿಲು’ ಹೇಳುವಳು. ಹದಿನೇಳನೇ ಕಂತನ್ನಂತೂ ಅಲ್ಲೂ, ಮನೆಯಲ್ಲಿ ಅತ್ತೆಗೂ ಎಂಟು ವರ್ಷದಲ್ಲಿ ಎಷ್ಟು ಸಲ ಹೇಳಿದಳೋ, ತಾನೇ ಕಟ್ಟಿದ್ದೆಂಬುದೂ ಮರೆತುಹೋಯಿತು. ಹುಳುವಿನ ತಟ್ಟೆಗೆ ಹೋಗುವ ಮುಂಚೆಯೇ ಓದಿದ್ದೆ ಎಂದು ನಂಬಿಕೊಂಡಳು. ಮೈಸೂರಿನ ಬಂಗಲೆಯ ಒಡತಿ ಮಡಿಲಲ್ಲಿ ರಾಗಿರೊಟ್ಟಿ ಯಾಕೆ ಕಟ್ಟಿಕೊಂಡಳು, ಅವಳ ಕೈಗೆ ಸೊಪ್ಪಿನ ವಾಸನೆ ಎಲ್ಲಿಂದ ಬಂತು ಎಂದು ಅಷ್ಟು ಹೆಂಗಸರಲ್ಲಿ ಒಬ್ಬಳಾದರೂ ಕೇಳಬಾರದೆ? ಕೇಳಲಿಲ್ಲ. ಎಲ್ಲರೂ ಅಳುವುದರಲ್ಲಿದ್ದರು.

ಹೀಗಿರುವಾಗ ಸಿನಿಮಾ ಬಂತು. ಕಾವೇರಮ್ಮ ಗಾರ್ಮೆಂಟ್ಸಿನ ಹನ್ನೆರಡು ಜನರನ್ನು ಹೊರಡಿಸಿದಳು. “ಸ್ಟೇಷನ್ ಸೀನಿಗೆ ಕರ್ಚೀಪು ಸಾಲಕ್ಕಿಲ್ಲ, ಟವಲ್ಲೇ ತನ್ನಿ” ಎಂದಿದ್ದಳು. ಪರದೆಯ ಮೇಲೆ ಮಂದಾಕಿನಿ ಟ್ರಂಕು ಹಿಡಿದು ಬಂಗಲೆಯಿಂದ ಹೊರಟಳು. ಟವಲುಗಳು ಸಿದ್ಧವಾದವು. ಮಂದಾಕಿನಿ ಹೋಗಿ ಇಳಿದದ್ದು ಯಾವುದೋ ದೇಶದ ಹಿಮದ ಬೆಟ್ಟದ ಮೇಲೆ! ಅಲ್ಲಿ ತೆಳ್ಳನೆ ಸೀರೆಯಲ್ಲಿ ಗಂಡನ ಜೊತೆ ಒಂದು ಹಾಡು ಕುಣಿದು ಮುಗಿಸಿ, ಬಂಗಲೆಗೆ ಬಂದು ಕಾಫಿ ಸೋಸಿದಳು.

“ಎಲ್ಲಕ್ಕ ರೊಟ್ಟಿ?” ಎಂದಳು ಪಕ್ಕದ ಮಿಷನ್ನಿನ ಹುಡುಗಿ ಸೌಮ್ಯ. ಹೊರಗೆ ಬಂದ ಮೇಲೆ ಎಲ್ಲರೆದುರಿಗೆ, “ಕಾವೇರಕ್ಕ ಇಷ್ಟ್ ವರ್ಸ ರೀಲು ಬುಟ್ಟವ್ಳೆ ಕಣ್ರೇ” ಎಂದು ನಕ್ಕಳು. ಉಳಿದವರೂ ನಕ್ಕರು. ಕಾವೇರಮ್ಮನಿಗೆ ನಗೆ ಚುಚ್ಚಿತು. ಇನ್ನು ಮೇಲೆ ಊಟದ ಹೊತ್ತಿನಲ್ಲಿ ತನ್ನ ಸುತ್ತ ಯಾರು ಕೂರುತ್ತಾರೆ?

“ಪುಸ್ತಕಾನೇ ತಂದು ನಿಮ್ ಮುಂದಿಡ್ತೀನಿ, ತಡೀರಿ” ಎಂದು ಬಂದಳು.

ಬುಧವಾರ ಅರ್ಧ ದಿನ ರಜೆ ಹಾಕಿ ರಾಮನಗರದ ಲೈಬ್ರರಿಗೆ ಹೋದಳು. ಪುಸ್ತಕ ಸಿಕ್ಕಿತು. ನಿಂತಲ್ಲೇ ಹದಿನೇಳನೇ ಅಧ್ಯಾಯ ತೆಗೆದಳು. ಸ್ಟೇಷನ್ನಿಗೆ ಬಂದದ್ದು ಅತ್ತೆಯಲ್ಲ, ಅತ್ತೆಯ ವಕೀಲರು! ಕಾರಿನಲ್ಲಿ ಬಂದು, ಆಸ್ತಿಯ ಕಾಗದಕ್ಕೆ ಸೊಸೆಯ ಸಹಿ ಬೇಕೆಂದು ಹೇಳಿ, ಕೂರಿಸಿಕೊಂಡು ಹೋಗಿದ್ದರು. ಪುಸ್ತಕದವರೂ ಕಿತ್ತುಹಾಕಿದ್ದಾರಲ್ಲ ಎಂದು ಮೊದಲು ಕಾವೇರಮ್ಮನಿಗೆ ಮೈಯುರಿಯಿತು. ಮೂರನೇ ಸಲ ಓದುವಾಗ ಹಿಕ್ಕೆ ತುಂಬಿದ ಆ ಹಾಳೆ ನೆನಪಾಯಿತು. ಅದರಲ್ಲಿ ಒಂದಕ್ಷರವನ್ನೂ ತಾನು ಓದಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಬಸ್ಸು ಹತ್ತಿದಳು.

ಹನುಮಂತಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕಾವೇರಮ್ಮ ಪಕ್ಕದಲ್ಲಿ ಕುಸಿದು ಕೂತಳು.

“ಅತ್ತೆ, ಆ ರೊಟ್ಟಿ ಸೀನು ಪುಸ್ತಕದಾಗೂ ಇಲ್ಲ.”

“ಎಲ್ಲಿಂದ ಬತ್ತದೆ ಕಣೆ?” ಮುದುಕಿ ಕಾಯಿಯಿಂದ ಕಣ್ಣೆತ್ತಲಿಲ್ಲ. “ಆ ಹುಳುವಿನ ತಟ್ಟೆ ಕಾಗದದ ಜಗಳಕ್ಕೆ ನೀನು ಸಾತನೂರಿಗೆ ಹೋಯ್ತೀನಿ ಅಂತ ಗಂಟು ಕಟ್ಕೊಂಡು ಬಸ್ಸಿಗೆ ನಿಂತಿದ್ದೆ. ಸೊಪ್ಪು ಹೆಚ್ತಿದ್ದೋಳು ನಾನು ಅಂಗೇ ಎದ್ದು ಬಂದೆ. ರೊಟ್ಟಿ ತಂದಿದ್ದು ನಾನು.”

ಬಸ್ಸು ಬಂದದ್ದು, ಹೋದದ್ದು, ಇಬ್ಬರೂ ಏಳದೆ ಕೂತದ್ದು ಎಲ್ಲ ಕಾವೇರಮ್ಮನ ಕಣ್ಣ ಮುಂದೆ ಬಂತು.

“ಇಷ್ಟ್ ವರ್ಸ ಯಾಕತ್ತೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ನಾಚ್ಕೊಂಡು ಕತೆ ಹೇಳೋದೇ ನಿಲ್ಲಿಸ್ಬುಡ್ತಿದ್ದೆ. ನಂಗೆ ಕೇಳಕ್ಕೆ ಚೆಂದಾಗಿತ್ತು.”

ಕಾವೇರಮ್ಮನಿಗೆ ಅಳು ತಡೆಯಲಾಗಲಿಲ್ಲ. ಸಿನಿಮಾಕ್ಕೆ ಒಯ್ದಿದ್ದ ಟವಲು ಅಲ್ಲೇ ಹಗ್ಗದ ಮೇಲಿತ್ತು, ಉಪಯೋಗಕ್ಕೆ ಬಂತು.

ಮರುದಿನ ಊಟದ ಹೊತ್ತಿಗೆ ಸೌಮ್ಯ ಕೈ ಚಾಚಿದಳು. “ಎಲ್ಲಕ್ಕ ಪುಸ್ತಕ?”

“ಪುಸ್ತಕದಾಗಿಲ್ಲ ಕಣೆ. ನಾನೇ ಕಟ್ಟಿದ್ದು” ಎಂದಳು ಕಾವೇರಮ್ಮ. ಯಾರೋ ಕಿಸಕ್ಕೆಂದರು. ಅವಳು ಡಬ್ಬಿ ಬಿಚ್ಚಿ ಹದಿನೇಳನೇ ಕಂತು ಶುರು ಮಾಡಿಯೇಬಿಟ್ಟಳು. ಈ ಸಲ ಬಂಗಲೆ ಇರಲಿಲ್ಲ, ರೈಲೂ ಇರಲಿಲ್ಲ. ಕೂಟಗಲ್ಲಿನ ಬಸ್ ಸ್ಟಾಪಿತ್ತು, ಹುಳುವಿನ ತಟ್ಟೆಯಿತ್ತು, ಬರಿಗಾಲಿನ ಹನುಮಂತಮ್ಮ ಇದ್ದಳು. ಒಬ್ಬೊಬ್ಬರಾಗಿ ಹತ್ತಿರ ಸರಿದರು. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ.

ಸೌಮ್ಯ ಮೂಗೊರೆಸಿಕೊಂಡು ಕೇಳಿದಳು: “ಆ ಅತ್ತೆ ಇನ್ನೂ ಅವ್ರಾ ಅಕ್ಕ?”

“ಅವ್ರೆ” ಎಂದಳು ಕಾವೇರಮ್ಮ. “ಸಿನಿಮಾದಾಗೆ ಅವ್ರನ್ನ ತೋರಿಸ್ಲಿಲ್ಲ ಅಂತ ಒಸಿ ಬೇಜಾರಾಗವ್ರೆ.”