ಕಾಕ ಒಪ್ಪದ ಪ್ರಾರ್ಥನೆ

ಮೊನ್ನೆ ಬೆಳಿಗ್ಗೆ ಚಟ್ನಿಗೆಂದು ಒಣ ಸಿಗಡಿ ಹುರಿಯುತ್ತಿದ್ದೆ. ವಾಸನೆ ಮೂಗಿಗೆ ಅಡರಿದ್ದೇ ತಡ, ಒಣಮೀನಿನ ಕಾಕ ನೆನಪಾದರು. ಆಮೇಲೆ ಕೈ ಓಡಲಿಲ್ಲ. ಸಿಗಡಿ ಕರಟಿಹೋಯಿತು, ಬೇರೆ ಹುರಿಯಲು ಮನಸ್ಸೂ ಬರಲಿಲ್ಲ.

ಗುರುವಾಯನಕೆರೆ ಪೇಟೆಯಲ್ಲಿ ಅವರದ್ದೊಂದು ಸಣ್ಣ ಅಂಗಡಿ. ಅವರು ಬ್ಯಾರಿ ಮುಸಲ್ಮಾನರು, ನಾನು ಇಗರ್ಜಿಗೆ ಹೋಗುವವಳು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಕಂಡರೆ ಸಾಕು, ಕಾಲು ಕೆರೆದು ಜಗಳಕ್ಕೆ ಬರುವವರು. ನಾನೂ ಏನು ಕಡಿಮೆಯವಳಲ್ಲ. ಒಂದು ವರ್ಷ ಅವರ ರಂಜಾನೂ ಈಸ್ಟರಿಗೆ ಮೊದಲಿನ ನಮ್ಮ ತಪಸ್ಸುಕಾಲವೂ ಒಟ್ಟಿಗೆ ಬಂದವು. ನಾನು ಮಾಂಸ ಬಿಟ್ಟಿದ್ದೆ. ಅವರು ಹನಿ ನೀರೂ ಕುಡಿಯದೆ ನನಗೆ ಮೀನು ತೂಗುತ್ತಿದ್ದರು.

"ಮಾಂಸ ಬಿಟ್ಟು ಮೀನು ತಿನ್ನುವುದು ಎಂತ ಉಪವಾಸ ಬಾಯಮ್ಮ? ನನಗೆ ವ್ಯಾಪಾರ ಆಗ್ತದೆ, ಅಷ್ಟೇ."

"ಸೂರ್ಯ ಮುಳುಗಿದ ಮೇಲೆ ನಿಮ್ಮ ಹಾಗೆ ಹೊಟ್ಟೆ ಬಿರಿಯೆ ತಿನ್ನುವುದಿಲ್ಲವಲ್ಲ ನಾವು," ಎಂದೆ. ಇಬ್ಬರೂ ನಕ್ಕೆವು.

ಅದೇ ವಾರ ನಮ್ಮವರಿಗೆ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಟ್ಟೆಬರೆ ಒಯ್ಯಲು ಊರಿಗೆ ಬಂದವಳು, ವಾಪಸು ಬಸ್ಸಿಗೆ ಕಾಯುತ್ತಾ ಕಾಕನ ಅಂಗಡಿ ಹೊಕ್ಕೆ. ಕೂತಲ್ಲಿ ಕೂರಲಾಗದ ಸಂಕಟ. ನಮ್ಮವರಿಗಾಗಿ ನೀವೂ ಬೇಡಿಕೊಳ್ಳಿ ಎಂದೆ. "ಬೇಡ್ತೇನೆ," ಅಂದರು. ಅಷ್ಟಕ್ಕೆ ಸುಮ್ಮನಾಗುವ ಜಾತಿಯೇ ನನ್ನದು? "ಹೇಗೂ ದೇವರು ಒಬ್ಬನೇ ಅಲ್ಲವಾ ಕಾಕ?" ಎಂದು ಕೇಳಿದೆ. ಹೌದು ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನನಗೆ ಆ ಹೊತ್ತಿಗೆ ಅದೊಂದು ಮಾತು ಬೇಕಿತ್ತು.

"ನಿಮಗೂ ನಮಗೂ ಹಿರಿಯರಾದ ಇಬ್ರಾಹಿಮರನ್ನು ಕರೆದವನು ಒಬ್ಬನೇ," ಅಂದರು. "ಆದರೆ ನೀವು ಅವನಿಗೆ ಮಗ ಉಂಟು ಅಂತ ಹೇಳ್ತೀರಿ. ಅವನನ್ನು ತಂದೆ ಅಂತ ಕರೀತೀರಿ. ನನ್ನ ಬಾಯಲ್ಲಿ ಅದು ಬರುವುದಿಲ್ಲ. ನಿಮ್ಮ ಸಮಾಧಾನಕ್ಕೆ ನಾನು ಸುಳ್ಳು ಹೇಳುವುದಿಲ್ಲ ಬಾಯಮ್ಮ."

ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ... ನಮ್ಮವರು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಕಾಕನ ಹೆಂಡತಿ ಸಿಕ್ಕಿ ಹೇಳಿದರು. ಸಂಜೆ ಉಪವಾಸ ಬಿಡುವ ಮುಂಚಿನ ಗಳಿಗೆಯಲ್ಲಿ ಬೇಡಿದ್ದು ಸಿಗುತ್ತದೆ ಎಂದು ಅವರ ನಂಬಿಕೆ. ಆ ಗಳಿಗೆಯಲ್ಲಿ ಕಾಕ ದಿನವೂ ನಮ್ಮವರಿಗಾಗಿ ಕೈಯೆತ್ತುತ್ತಿದ್ದರಂತೆ.

ಹೋದ ವರ್ಷ ಕಾಕ ತೀರಿಹೋದರು. ಸಂಜೆ ಜಪಸರ ಮುಗಿದ ಮೇಲೆ, ತೀರಿಹೋದ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳುವುದು ನಮ್ಮ ಮನೆಯ ಕ್ರಮ. ಅತ್ತೆ, ಮಾವ, ನನ್ನ ಅಣ್ಣ... ಆಮೇಲೆ ಕಾಕನ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಅವರ ಬಾಯಲ್ಲಿ ಬಾರದ ಮಾತನ್ನೇ ಅವರ ಹೆಸರಿನಲ್ಲಿ ಹೇಳುವುದು ಹೇಗೆ? ಹೇಳದೆ ಎದ್ದರೆ, ಅವರು ನಮ್ಮವರಿಗಾಗಿ ದಿನವೂ ಕೈಯೆತ್ತಿದ್ದು ನೆನಪಾಗುತ್ತದೆ. "ಹೇಳು ಮಾರಾಯ್ತಿ, ದೇವರಿಗೆ ಗೊತ್ತಾಗ್ತದೆ," ಅನ್ನುತ್ತಾರೆ ನಮ್ಮವರು. ಕಾಕ ಏನನ್ನುತ್ತಾರೋ ಎಂಬುದೇ ನನ್ನ ಚಿಂತೆ.

ನಿನ್ನೆ ಹೇಳಿಯೇಬಿಟ್ಟೆ, ತಂದೆಯೇ ಎಂದು ಶುರುಮಾಡಿ ಕೊನೆಯವರೆಗೆ. ಮನಸ್ಸು ತಣ್ಣಗಾಗಲಿಲ್ಲ. ತಪ್ಪು ಮಾಡಿದಿರಿ ಬಾಯಮ್ಮ ಎಂದು ಜಗಳಕ್ಕೆ ಬರಲಿಕ್ಕಾದರೂ ಅವರು ಇರಬೇಕಿತ್ತು.